ಸೂಜಿ ಇಲ್ಲದ ಪರೀಕ್ಷೆ: ವಸಡಿಗೆ ಉಜ್ಜಿದ ಕಡ್ಡಿ ದಡಾರವನ್ನು ಹಿಡಿದ ಕಥೆ

"ಕೂಸಿನ ಮೈಯಾಗ ಇರೋದ ಹನಿ ರಕ್ತ. ಅದನ್ನೂ ಹೀರ್ತೀರೇನವ್ವ?"

ಅಂಗನವಾಡಿ ಕಟ್ಟೆಯ ಮೇಲೆ ಮೊಮ್ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದ ಅಜ್ಜಿ ಹೀಗೆ ಕೇಳಿದಾಗ ಆಶಾ ಅಕ್ಕನಿಗೆ ತಕ್ಷಣ ಮಾತು ಹೊಳೆಯಲಿಲ್ಲ. ಮಗುವಿಗೆ ಮೂರು ದಿನದಿಂದ ಜ್ವರ. ಮುಖ, ಎದೆ, ಬೆನ್ನ ತುಂಬ ಕೆಂಪು ದದ್ದು. ದಡಾರವೋ ಅಲ್ಲವೋ ಗೊತ್ತಾಗಬೇಕಾದರೆ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು ಎಂದು ಸಿಸ್ಟರ್ ಹೇಳುತ್ತಿದ್ದರು. "ಅಮ್ಮ ಬಂದಾಳ. ಬೇವಿನ ಸೊಪ್ಪು ಇಟ್ಟೀವಿ. ಐದು ದಿನಕ್ಕ ಹೋಗ್ತಾಳ. ಸೂಜಿ ಚುಚ್ಚಿದ್ರ ಸಿಟ್ಟಾಗ್ತಾಳ" ಎಂದು ಅಜ್ಜಿ ಪಟ್ಟು ಹಿಡಿದರು. ಮಗುವಿನ ತಾಯಿ ಅತ್ತೆಯ ಮುಖವನ್ನೊಮ್ಮೆ, ಸಿಸ್ಟರ್ ಕೈಯಲ್ಲಿದ್ದ ಸಿರಿಂಜನ್ನೊಮ್ಮೆ ನೋಡುತ್ತಾ ಸುಮ್ಮನೆ ನಿಂತಿದ್ದಳು.

ಬೇರೊಂದು ಸುದ್ದಿಗೆಂದು ಆ ಊರಿಗೆ ಹೋಗಿದ್ದ ನಾವು ಇದನ್ನು ನೋಡುತ್ತಾ ನಿಂತೆವು. ಕೊನೆಗೆ ರಕ್ತ ತೆಗೆಯಲಿಲ್ಲ. ಸಿಸ್ಟರ್ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡು ಸ್ಕೂಟಿ ಹತ್ತಿದರು. ಮಗು ಗುಣವಾಯಿತು. ಆದರೆ ಅದಕ್ಕೆ ಬಂದಿದ್ದು ದಡಾರವೇ ಆಗಿದ್ದರೆ ಆ ಓಣಿಯಲ್ಲಿ ಲಸಿಕೆ ಹಾಕಿಸದ ಬೇರೆ ಮಕ್ಕಳ ಗತಿ ಏನು ಎಂಬ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ.

ಸೂಜಿ ಚುಚ್ಚದೆ ಇದನ್ನು ತಿಳಿಯಲು ದಾರಿಯೇ ಇಲ್ಲವೇ ಎಂದು ಆಮೇಲೆ ನಾವು ಹುಡುಕಿದೆವು. ಇದೆ. ಅದು ಹೊಸದೂ ಅಲ್ಲ. ಬ್ರಿಟನ್ನಿನಲ್ಲಿ 1994ರಿಂದ ದಡಾರದ ಶಂಕೆ ಇರುವ ಮಕ್ಕಳ ವಸಡಿಗೆ ಸ್ಪಂಜಿನ ಕಡ್ಡಿ ಉಜ್ಜಿ, ಅದನ್ನು ಅಂಚೆಯಲ್ಲಿ ಕಳಿಸಿ ರೋಗ ಪತ್ತೆ ಮಾಡುತ್ತಿದ್ದಾರೆ. ಆ ಕಡ್ಡಿಯ ಇತಿಹಾಸವೇ ಇಂದಿನ ಬರಹ.

ಎಂಜಲಿನ ಹಳೆಯ ಸಾಕ್ಷಿ

ನಮ್ಮ ಕಡೆ ಎಂಜಲು ಎಂದರೆ ಮೈಲಿಗೆ. ಕಚ್ಚಿದ ಹಣ್ಣು, ಕುಡಿದ ಲೋಟ, ಉಂಡ ಎಲೆ, ಎಲ್ಲಕ್ಕೂ ಎಂಜಲಿನ ಲೆಕ್ಕವಿದೆ. ಯಾರ ಎಂಜಲನ್ನು ಯಾರು ಎತ್ತಬೇಕು ಎಂಬುದರ ಮೇಲೆ ಜಾತಿಯ ಗೋಡೆಗಳನ್ನೇ ಕಟ್ಟಿದ ಸಮಾಜ ನಮ್ಮದು. ಇಂಥ ಎಂಜಲು ಸತ್ಯ ಹೇಳುತ್ತದೆ ಎಂಬ ನಂಬಿಕೆಯೂ ಇದೇ ನೆಲದಲ್ಲಿ ಇತ್ತು.

ಹಳೆಯ ಧರ್ಮಶಾಸ್ತ್ರಗಳು ಹೇಳುವ 'ದಿವ್ಯ'ಗಳಲ್ಲಿ, ಅಂದರೆ ಆರೋಪಿಯನ್ನು ಪರೀಕ್ಷಿಸುವ ವಿಧಾನಗಳಲ್ಲಿ, ತಂಡುಲ ದಿವ್ಯ ಎಂಬುದು ಒಂದು. ತಂಡುಲ ಎಂದರೆ ಅಕ್ಕಿ. ಕಳ್ಳತನದ ಆರೋಪ ಹೊತ್ತವನಿಗೆ ಅಕ್ಕಿ ಅಗಿಯಲು ಕೊಟ್ಟು ಎಲೆಯ ಮೇಲೆ ಉಗುಳಿಸುತ್ತಿದ್ದರು. ಉಗುಳಿನಲ್ಲಿ ರಕ್ತ ಕಂಡರೆ ಅವನೇ ಕಳ್ಳ. ಇದು ನ್ಯಾಯವಲ್ಲ, ವಸಡು ಸರಿಯಿಲ್ಲದ ಬಡವನಿಗೆ ಹಿಂಸೆ ಅಷ್ಟೆ. ಆದರೂ ಒಂದು ಮಾತು ಗಮನಿಸಿ. ಬಾಯಿಯ ರಸದಲ್ಲಿ ರಕ್ತದ ಅಂಶ ಬಂದು ಸೇರುತ್ತದೆ ಎಂಬುದು ಆ ಕಾಲಕ್ಕೇ ಜನರ ಕಣ್ಣಿಗೆ ಬಿದ್ದಿತ್ತು. ಇಂದಿನ ಪರೀಕ್ಷೆ ನಿಂತಿರುವುದೂ ಅದೇ ಜಾಗದಲ್ಲಿ, ವಸಡಿನ ಅಂಚಿನಲ್ಲಿ.

ಎಂಜಲಿನಲ್ಲಿ ರೋಗವಿರುತ್ತದೆ ಎಂಬುದಕ್ಕೆ ಪ್ರಯೋಗದ ಸಾಕ್ಷಿ ಸಿಕ್ಕಿದ್ದು ಹುಚ್ಚುನಾಯಿ ರೋಗದಿಂದ. 1804ರಲ್ಲಿ ಜರ್ಮನಿಯ ಜಿಂಕೆ ಎಂಬ ವಿಜ್ಞಾನಿ ಹುಚ್ಚು ಹಿಡಿದ ನಾಯಿಯ ಜೊಲ್ಲನ್ನು ಆರೋಗ್ಯವಂತ ಪ್ರಾಣಿಯ ಗಾಯಕ್ಕೆ ಸವರಿ, ರೋಗ ಅದರಿಂದಲೇ ದಾಟುತ್ತದೆ ಎಂದು ತೋರಿಸಿದ. ವೈರಸ್ ಎಂಬ ಜೀವಿ ಇದೆ ಎಂದು ಗೊತ್ತಾಗುವ ಎಷ್ಟೋ ವರ್ಷ ಮೊದಲಿನ ಮಾತಿದು.

ಹಂದಿಯೂ ಅದರ ಹೆಜ್ಜೆಯೂ

ಇಲ್ಲಿ ಒಂದು ವ್ಯತ್ಯಾಸ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ.

ಹೊಲಕ್ಕೆ ಕಾಡುಹಂದಿ ಬಂದಿತ್ತೇ ಎಂದು ತಿಳಿಯಲು ಎರಡು ದಾರಿ. ಒಂದು, ರಾತ್ರಿ ಟಾರ್ಚ್ ಹಿಡಿದು ಹಂದಿಯನ್ನೇ ನೋಡುವುದು. ಇನ್ನೊಂದು, ಬೆಳಿಗ್ಗೆ ಹೋಗಿ ಹೆಜ್ಜೆ ಗುರುತು ನೋಡುವುದು. ರೋಗದ ಪರೀಕ್ಷೆಯೂ ಹೀಗೆಯೇ. ಕೆಲವು ಪರೀಕ್ಷೆಗಳು ರೋಗಾಣುವನ್ನೇ ಹುಡುಕುತ್ತವೆ. ಕೆಲವು ರೋಗಾಣು ಬಂದಾಗ ನಮ್ಮ ದೇಹ ಅದರ ವಿರುದ್ಧ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತವೆ. ಪ್ರತಿಕಾಯವೇ ಹೆಜ್ಜೆ ಗುರುತು.

ಈ ಗುರುತಿನಲ್ಲೂ ಹಸಿ ಹೆಜ್ಜೆ, ಒಣ ಹೆಜ್ಜೆ ಎಂದು ಎರಡುಂಟು. ಐಜಿಎಂ ಎಂಬ ಪ್ರತಿಕಾಯ ಕಂಡರೆ ಸೋಂಕು ಈಚಿನದು. ಐಜಿಜಿ ಎಂಬುದು ಕಂಡರೆ ರೋಗ ಹಿಂದೆ ಯಾವಾಗಲೋ ಬಂದುಹೋಗಿದೆ ಅಥವಾ ಲಸಿಕೆ ಕೆಲಸ ಮಾಡಿದೆ.

ಇವೆಲ್ಲ ಇರುವುದು ರಕ್ತದಲ್ಲಿ. ಹಾಗಾದರೆ ಬಾಯಿಗೆ ಹೇಗೆ ಬಂದವು? ನಮ್ಮ ಬಾಯಿಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿ ಇರುವ ಮೂರು ಜೋಡಿ ಗ್ರಂಥಿಗಳು ಅದನ್ನು ಮಾಡುತ್ತವೆ. ಅದರಲ್ಲಿ 99 ಭಾಗ ನೀರೇ. ಅನ್ನ ಅಗಿದಷ್ಟೂ ಸಿಹಿಯಾಗುವುದು ಆ ಜೊಲ್ಲಿನಲ್ಲಿರುವ ಒಂದು ಕಿಣ್ವದಿಂದ. ಆದರೆ ಪರೀಕ್ಷೆಗೆ ಹೆಚ್ಚು ಬೇಕಾದದ್ದು ಈ ಜೊಲ್ಲಲ್ಲ. ಹಲ್ಲು ಮತ್ತು ವಸಡಿನ ನಡುವೆ ಕೂದಲೆಳೆಯಂಥ ಒಂದು ಸಂದು ಇದೆ. ಕೆರೆ ಏರಿಯ ಹಿಂದೆ ಬಸಿನೀರು ಜಿನುಗುವಂತೆ, ಆ ಸಂದಿನಲ್ಲಿ ರಕ್ತದ ತಿಳಿಯಾದ ಅಂಶ ಸದಾ ಸಣ್ಣಗೆ ಜಿನುಗುತ್ತಿರುತ್ತದೆ. ಗಾಯವಾಗಿ ರಕ್ತ ಬರಬೇಕೆಂದೇನೂ ಇಲ್ಲ. ಆ ಪಸೆಯಲ್ಲಿ ರಕ್ತದಲ್ಲಿರುವ ಪ್ರತಿಕಾಯಗಳೂ ಬಂದಿರುತ್ತವೆ. ಅದಕ್ಕೇ ವಿಜ್ಞಾನಿಗಳು 'ಜೊಲ್ಲಿನ ಪರೀಕ್ಷೆ' ಎನ್ನುವುದಕ್ಕಿಂತ 'ಬಾಯಿ ದ್ರವದ ಪರೀಕ್ಷೆ' ಎನ್ನುತ್ತಾರೆ. ಉಗುಳಿಸಿಕೊಳ್ಳುವ ಬದಲು ವಸಡಿಗೆ ಕಡ್ಡಿ ಉಜ್ಜುವುದೂ ಇದೇ ಕಾರಣಕ್ಕೆ.

ತೊಂದರೆ ಒಂದೇ. ಬಸಿನೀರು ಕೆರೆಯ ನೀರಿನಷ್ಟು ಇರುವುದಿಲ್ಲ. ರಕ್ತಕ್ಕೆ ಹೋಲಿಸಿದರೆ ಬಾಯಿಯ ದ್ರವದಲ್ಲಿ ಪ್ರತಿಕಾಯಗಳು ನೂರಾರು ಪಟ್ಟು ಕಡಿಮೆ. ರಕ್ತಕ್ಕೆಂದು ಮಾಡಿದ ಪರೀಕ್ಷೆಗೆ ಅವು ಕಾಣುತ್ತಲೇ ಇರಲಿಲ್ಲ.

ಕಾಲಿಂಡೇಲ್‌ನ ಪ್ರಯೋಗಾಲಯ

1980ರ ದಶಕದಲ್ಲಿ ಜಗತ್ತಿಗೆ ಎಚ್‌ಐವಿ ಬಂತು. 1985ರಲ್ಲಿ ಅದನ್ನು ರಕ್ತದಲ್ಲಿ ಪತ್ತೆ ಮಾಡುವ ಪರೀಕ್ಷೆ ಬಳಕೆಗೆ ಬಂದಿತು. ಜೊತೆಗೇ ಸೂಜಿಯ ಭಯ ಬೆಳೆಯಿತು. ರಕ್ತ ತೆಗೆಯುವಾಗ ತನ್ನ ಕೈಗೇ ಚುಚ್ಚಿಕೊಂಡ ನರ್ಸಿಗೂ ಅಪಾಯ, ಒಂದೇ ಸೂಜಿಯನ್ನು ಇಬ್ಬರಿಗೆ ಬಳಸಿದರೆ ರೋಗಿಗೂ ಅಪಾಯ. ರಕ್ತವಿಲ್ಲದೆ ಪರೀಕ್ಷೆ ಮಾಡಲಾಗುವುದೇ ಎಂಬ ಹುಡುಕಾಟಕ್ಕೆ ಬಲ ಬಂದದ್ದು ಆಗ.

ಲಂಡನ್ನಿನ ಉತ್ತರ ಭಾಗದ ಕಾಲಿಂಡೇಲ್‌ನಲ್ಲಿ ಸರ್ಕಾರಿ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯವೊಂದಿತ್ತು. ಅಲ್ಲಿನ ಜಾನ್ ಪ್ಯಾರಿ, ಫಿಲಿಪ್ ಮಾರ್ಟಿಮರ್ ಮತ್ತು ಜೊತೆಗಾರರು 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ವೈರಸ್ ರೋಗಗಳ ಪ್ರತಿಕಾಯಗಳನ್ನು ಜೊಲ್ಲಿನಲ್ಲೂ ನಂಬಿಕೆಯಿಂದ ಪತ್ತೆ ಮಾಡಬಹುದು ಎಂಬುದು ಅದರ ಸಾರ.

ಅವರು ಹಿಡಿದ ದಾರಿ ಸರಳ. ಮೊದಲು ಬಾಯಿ ದ್ರವದಲ್ಲಿರುವ ಪ್ರತಿಕಾಯಗಳನ್ನು ಯಾವ ರೋಗದ್ದು ಎಂದು ನೋಡದೆ ಪಾತ್ರೆಯ ಗೋಡೆಗೆ ಅಂಟಿಸಿ ಹಿಡಿಯುವುದು. ಉಳಿದದ್ದನ್ನು ತೊಳೆದು ಚೆಲ್ಲುವುದು. ಆಮೇಲೆ ಗುರುತು ಕಟ್ಟಿದ ವೈರಸ್ಸಿನ ಅಂಶವನ್ನು ಒಳಗೆ ಬಿಡುವುದು. ಹಿಡಿದಿಟ್ಟ ಪ್ರತಿಕಾಯಗಳಲ್ಲಿ ಆ ವೈರಸ್ಸಿಗೆ ಸೇರಿದವು ಇದ್ದರೆ ಗುರುತು ಅಂಟಿಕೊಳ್ಳುತ್ತದೆ, ಇಲ್ಲದಿದ್ದರೆ ತೊಳೆದು ಹೋಗುತ್ತದೆ. ಮೊದಮೊದಲು ಆ ಗುರುತು ವಿಕಿರಣದ್ದಾಗಿತ್ತು. ಆಮೇಲೆ ಬಣ್ಣ ಬದಲಾಗುವ ವಿಧಾನ ಬಂತು. ಸಂತೆಯ ಗದ್ದಲದಲ್ಲಿ ನಿಮ್ಮ ಊರಿನವರನ್ನು ಹುಡುಕುವ ಬದಲು, ಎಲ್ಲರನ್ನೂ ಸಾಲಾಗಿ ಕೂರಿಸಿ ನಿಮ್ಮ ಊರಿನ ಹೆಸರು ಕೂಗಿದ ಹಾಗೆ. ಕಡಿಮೆ ಜನ ಇದ್ದರೂ ಕೈ ಎತ್ತಿದವರು ಕಾಣುತ್ತಾರೆ.

ಕಣ್ಣು ಸೋಲುವ ಹೊತ್ತು

ಈ ವಿದ್ಯೆ ಎಚ್‌ಐವಿಗಿಂತ ಮೊದಲು ದೊಡ್ಡ ಪ್ರಮಾಣದಲ್ಲಿ ಕೆಲಸಕ್ಕೆ ಬಂದದ್ದು ದಡಾರಕ್ಕೆ. ಅದಕ್ಕೆ ಕಾರಣವಿದೆ.

ದಡಾರ ಊರೆಲ್ಲ ಹಬ್ಬುತ್ತಿದ್ದ ಕಾಲದಲ್ಲಿ ಅದನ್ನು ಗುರುತಿಸಲು ಪ್ರಯೋಗಾಲಯ ಬೇಕಿರಲಿಲ್ಲ. ಜ್ವರ, ಕೆಮ್ಮು, ಕೆಂಗಣ್ಣು, ದದ್ದು ಕಂಡರೆ ಅಜ್ಜಿಯರೇ ಹೇಳುತ್ತಿದ್ದರು. ಹೇಳಿದ್ದು ಬಹುತೇಕ ಸರಿಯಾಗಿಯೂ ಇರುತ್ತಿತ್ತು. ಲಸಿಕೆ ಬಂದ ಮೇಲೆ ಲೆಕ್ಕ ತಿರುಗಿತು. ಅಮೆರಿಕದಲ್ಲಿ 1963ರಲ್ಲಿ, ಬ್ರಿಟನ್ನಿನಲ್ಲಿ 1968ರಲ್ಲಿ ದಡಾರದ ಲಸಿಕೆ ಶುರುವಾಯಿತು. 1988ರಲ್ಲಿ ಬ್ರಿಟನ್ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಎಂಎಂಆರ್ ಲಸಿಕೆ ಕೊಡತೊಡಗಿತು. ದಡಾರ ಅಪರೂಪವಾಯಿತು. ಆದರೆ ಮಕ್ಕಳಿಗೆ ಜ್ವರ, ದದ್ದು ಬರುವುದು ನಿಲ್ಲಲಿಲ್ಲ. ರುಬೆಲ್ಲಾದಿಂದಲೂ ದದ್ದು ಬರುತ್ತದೆ, ಬೇರೆ ಹಲವು ವೈರಸ್ಸುಗಳಿಂದಲೂ ಬರುತ್ತದೆ, ಮಾತ್ರೆ ಒಗ್ಗದಿದ್ದರೂ ಬರುತ್ತದೆ. ನಮ್ಮಲ್ಲಾದರೆ ಡೆಂಗಿ, ಚಿಕುನ್‌ಗುನ್ಯಾ ಬೇರೆ ಇವೆ.

ರೋಗ ಹೆಚ್ಚಿದ್ದಾಗ ಕಣ್ಣು ಗೆಲ್ಲುತ್ತದೆ, ರೋಗ ಕಡಿಮೆಯಾದಾಗ ಕಣ್ಣು ಸೋಲುತ್ತದೆ. ಆಗ ಪರೀಕ್ಷೆ ಬೇಕು. ಆದರೆ ತಾನೇ ಗುಣವಾಗುತ್ತಿರುವ ಮಗುವಿನ ತೋಳಿಗೆ ಸೂಜಿ ಚುಚ್ಚಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಬ್ರಿಟನ್ನಿನ ತಾಯಂದಿರೂ ನಮ್ಮ ತಾಯಂದಿರಂಥವರೇ. ಅಲ್ಲಿನ ವೈದ್ಯರೂ ಇಂಥ ಮಕ್ಕಳ ರಕ್ತ ತೆಗೆಯಲು ಹಿಂದೆಮುಂದೆ ನೋಡುತ್ತಿದ್ದರು.

1991ರಿಂದ 1993ರ ನಡುವೆ ಅಲ್ಲಿನ ಸಂಶೋಧಕರು ವೈದ್ಯರು ದಡಾರ ಎಂದು ವರದಿ ಮಾಡಿದ ಮಕ್ಕಳ ಜೊಲ್ಲು ಪರೀಕ್ಷಿಸಿ ನೋಡಿದರು. ಆ ಅಧ್ಯಯನ 1994ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಬ್ರಿಟನ್ 5ರಿಂದ 16 ವರ್ಷದ ಶಾಲಾ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಲಸಿಕೆ ಹಾಕುವ ದೊಡ್ಡ ಅಭಿಯಾನ ನಡೆಸಿತು. ಅಭಿಯಾನದ ಜೊತೆಯಲ್ಲೇ ಒಂದು ಹೊಸ ವ್ಯವಸ್ಥೆ ಶುರುವಾಯಿತು.

ಅದು ನಡೆಯುವುದು ಹೀಗೆ. ಊರಿನ ವೈದ್ಯರಿಗೆ ದಡಾರದ ಶಂಕೆ ಬಂದರೆ ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. ಇಲಾಖೆಯಿಂದ ಮನೆಗೆ ಒಂದು ಪೊಟ್ಟಣ ಬರುತ್ತದೆ. ಅದರಲ್ಲಿ ಹಲ್ಲುಜ್ಜುವ ಬ್ರಷ್ಷಿನಂಥ ಕಡ್ಡಿ, ತುದಿಯಲ್ಲಿ ಸ್ಪಂಜು. ತಾಯಿಯೋ ತಂದೆಯೋ ಮಗುವಿನ ವಸಡಿನ ಅಂಚಿಗೆ ಒಂದೆರಡು ನಿಮಿಷ ಮೆತ್ತಗೆ ಉಜ್ಜಿ, ಕೊಳವೆಗೆ ಹಾಕಿ ಮುಚ್ಚಿ, ಅಂಚೆ ಡಬ್ಬಿಗೆ ಹಾಕಿದರೆ ಮುಗಿಯಿತು. ಮಗು ಅಳಬೇಕಿಲ್ಲ, ಯಾರೂ ಆಸ್ಪತ್ರೆಗೆ ಓಡಬೇಕಿಲ್ಲ.

ಫಲಿತಾಂಶ ಬಂದಾಗ ವೈದ್ಯರಿಗೇ ಆಶ್ಚರ್ಯ. ಅಭಿಯಾನದ ನಂತರದ ವರ್ಷಗಳಲ್ಲಿ 'ದಡಾರ' ಎಂದು ವರದಿಯಾದ ಮಕ್ಕಳಲ್ಲಿ ನಿಜವಾಗಿ ದಡಾರ ಇದ್ದವರು ಬಹಳ ಕಡಿಮೆ. ಕಣ್ಣಿನ ಲೆಕ್ಕ ನಂಬಿದ್ದರೆ ದೇಶದ ತುಂಬ ದಡಾರ ಇದೆ, ಲಸಿಕೆ ಸೋತಿದೆ ಎಂದು ಜನ ಅಂದುಕೊಳ್ಳುತ್ತಿದ್ದರು. ರೋಗದ ಸರಪಳಿ ಮುರಿದಿದೆ ಎಂದು ಸಾಕ್ಷಿ ಸಮೇತ ತೋರಿಸಿದ್ದು ಆ ಸ್ಪಂಜಿನ ಕಡ್ಡಿ.

ಕೆಟ್ಟ ಸುದ್ದಿಯನ್ನೂ ಅದೇ ತಂದಿತು

1998ರ ಫೆಬ್ರವರಿಯಲ್ಲಿ ಆಂಡ್ರೂ ವೇಕ್‌ಫೀಲ್ಡ್ ಎಂಬ ವೈದ್ಯ ಇತರರೊಂದಿಗೆ ಅದೇ 'ಲ್ಯಾನ್ಸೆಟ್'ನಲ್ಲಿ ಒಂದು ಲೇಖನ ಬರೆದ. ಎಂಎಂಆರ್ ಲಸಿಕೆಗೂ ಮಕ್ಕಳ ಆಟಿಸಂಗೂ ನಂಟಿರಬಹುದು ಎಂಬ ಸಂಶಯ ಅದರಿಂದ ಹಬ್ಬಿತು. ಆಮೇಲೆ ಅನೇಕ ದೊಡ್ಡ ಅಧ್ಯಯನಗಳು ಅಂಥ ನಂಟಿಲ್ಲ ಎಂದು ತೋರಿಸಿದವು. 2010ರಲ್ಲಿ ಪತ್ರಿಕೆ ಆ ಲೇಖನವನ್ನೇ ವಾಪಸ್ ಪಡೆಯಿತು. ಅವನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದರು. ಆದರೆ ಅಷ್ಟರಲ್ಲಿ ಹನ್ನೆರಡು ವರ್ಷ ಕಳೆದಿತ್ತು. ಹೆದರಿದ ತಂದೆತಾಯಿಗಳು ಲಸಿಕೆ ಬಿಡಿಸಿದ್ದರು.

ಮತ್ತೆ ಕಡ್ಡಿಗಳು 'ಹೌದು, ದಡಾರ' ಎಂದು ಹೇಳತೊಡಗಿದವು. 2008ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದಡಾರ ಮತ್ತೆ ನೆಲೆಯೂರಿದೆ ಎಂದು ಅಧಿಕಾರಿಗಳು ಒಪ್ಪಿಕೊಂಡರು. 2012-13ರಲ್ಲಿ ವೇಲ್ಸ್‌ನ ಸ್ವಾನ್ಸಿ ಸುತ್ತಮುತ್ತ ದೊಡ್ಡದಾಗಿ ಹಬ್ಬಿತು. ಹಲವರ ಶ್ರಮದಿಂದ 2017ರಲ್ಲಿ ಬ್ರಿಟನ್ನಿಗೆ ದಡಾರ ನಿರ್ಮೂಲನೆಯ ಮಾನ್ಯತೆ ಸಿಕ್ಕಿತು, 2019ರಲ್ಲಿ ಅದು ಕೈತಪ್ಪಿತು.

ಇದನ್ನು ಓದುವಾಗ ನಮಗೆ 2017ರ ಫೆಬ್ರವರಿ ನೆನಪಾಯಿತು. ನಮ್ಮ ದೇಶದ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಆ ತಿಂಗಳು ಶುರುವಾದದ್ದು ಬೆಂಗಳೂರಿನಿಂದಲೇ. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲಿ ಲಸಿಕೆ ಹಾಕಿದರು. ಆಗ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಓಡಾಡಿದ ಸುಳ್ಳುಗಳನ್ನು ನೀವೂ ಓದಿರುತ್ತೀರಿ. ಸುಳ್ಳು ಸುದ್ದಿಗೆ ಬ್ರಿಟನ್ನೂ ಒಂದೇ, ನಮ್ಮೂರೂ ಒಂದೇ.

ಇಥಿಯೋಪಿಯಾದ ಹಳ್ಳಿಗಳಲ್ಲಿ

ಅಂಚೆ ಸರಿಯಾಗಿರುವ ಶ್ರೀಮಂತ ದೇಶದ ಕಥೆ ಇದಾಯಿತು, ಹಳ್ಳಿಗಾಡಿನಲ್ಲಿ ಇದು ನಡೆಯುತ್ತದೆಯೇ ಎಂದು ನೀವು ಕೇಳಬಹುದು. ಅದೇ ಪ್ರಶ್ನೆ ಹಿಡಿದು ಬ್ರಿಟನ್ ಮತ್ತು ಇಥಿಯೋಪಿಯಾದ ಸಂಶೋಧಕರು ಸೇರಿ ಇಥಿಯೋಪಿಯಾದ ಬುತಾಜಿರಾ ಸುತ್ತಲಿನ ಹಳ್ಳಿಗಳಿಗೆ ಹೋದರು. ಒಬ್ಬೊಬ್ಬರಿಂದಲೂ ರಕ್ತ ಮತ್ತು ಬಾಯಿ ದ್ರವ ಎರಡನ್ನೂ ಪಡೆದು ಹೋಲಿಸಿದರು. ಫಲಿತಾಂಶ 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾಯಿತು.

ದಡಾರದ ವಿಷಯದಲ್ಲಿ ಕಡ್ಡಿ ರಕ್ತಕ್ಕೆ ಹತ್ತಿರದ ಉತ್ತರ ಕೊಟ್ಟಿತು. ರುಬೆಲ್ಲಾಕ್ಕೆ ಅದಕ್ಕಿಂತ ಸ್ವಲ್ಪ ಹಿಂದೆ ಬಿತ್ತು. ಹೆಪಟೈಟಿಸ್ ಬಿ ವಿಷಯದಲ್ಲಿ ಮಾತ್ರ ಸೋತಿತು, ರಕ್ತದಲ್ಲಿ ಗುರುತು ಇದ್ದ ಅರ್ಧಕ್ಕೂ ಹೆಚ್ಚು ಜನರನ್ನು ಅದು ಹಿಡಿಯಲೇ ಇಲ್ಲ. ಈ ಪಾಠ ಮುಖ್ಯ. ಒಂದು ರೋಗಕ್ಕೆ ಒಪ್ಪುವ ಕಡ್ಡಿ ಇನ್ನೊಂದಕ್ಕೆ ಒಪ್ಪಬೇಕೆಂದಿಲ್ಲ. ಪ್ರತಿ ರೋಗಕ್ಕೂ ಬೇರೆಯಾಗಿ ಸಾಬೀತು ಮಾಡಬೇಕು.

ಎಚ್‌ಐವಿ, ಸೇವಾಗ್ರಾಮ ಮತ್ತು ಬೇರೆ ತಟ್ಟೆ

ಎಚ್‌ಐವಿಗೆ ಬಾಯಿ ದ್ರವ ಸಂಗ್ರಹಿಸುವ ಸಾಧನಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1994ರಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕಿತ್ತು. 2004ರ ಮಾರ್ಚ್‌ನಲ್ಲಿ ಒರಾಕ್ವಿಕ್ ಎಂಬ ಕಡ್ಡಿಗೆ ಒಪ್ಪಿಗೆ ಸಿಕ್ಕಿತು. ವಸಡಿಗೆ ಸವರಿ ದ್ರಾವಣದಲ್ಲಿ ಇಟ್ಟರೆ 20 ನಿಮಿಷಕ್ಕೆ ಗೆರೆ ಮೂಡುತ್ತದೆ. 2012ರ ಜುಲೈನಲ್ಲಿ ಅದನ್ನೇ ಅಂಗಡಿಯಲ್ಲಿ ಕೊಂಡು ಮನೆಯಲ್ಲೇ ಮಾಡಿಕೊಳ್ಳಲು ಬಿಟ್ಟರು.

ಆ ಒಪ್ಪಿಗೆಯ ಜೊತೆಗೆ ಅಧಿಕಾರಿಗಳು ತಪ್ಪಿನ ಲೆಕ್ಕವನ್ನೂ ಮುಚ್ಚಿಡದೆ ಹೇಳಿದರು. ಜನ ಮನೆಯಲ್ಲಿ ತಾವೇ ಮಾಡಿಕೊಂಡಾಗ, ಸೋಂಕಿರುವ 12 ಜನರಲ್ಲಿ ಸುಮಾರು ಒಬ್ಬರಿಗೆ 'ಇಲ್ಲ' ಎಂಬ ತಪ್ಪು ಉತ್ತರ ಬರಬಹುದು. ಸೋಂಕಿಲ್ಲದ 5000 ಜನರಲ್ಲಿ ಒಬ್ಬರಿಗೆ 'ಇದೆ' ಎಂಬ ತಪ್ಪು ಉತ್ತರ ಬರಬಹುದು. ಸೋಂಕು ತಗುಲಿದ ಹೊಸತರಲ್ಲಿ, ಮೂರು ತಿಂಗಳವರೆಗೂ, ಗೆರೆ ಮೂಡದೆ ಇರಬಹುದು. ಆದ್ದರಿಂದ ಕಡ್ಡಿ 'ಇದೆ' ಎಂದರೆ ರಕ್ತ ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಲೇಬೇಕು.

ನಮ್ಮ ದೇಶದಲ್ಲೂ ಇದನ್ನು ನೋಡಿದ್ದಾರೆ. ಮಹಾರಾಷ್ಟ್ರದ ವಾರ್ಧಾ ಜಿಲ್ಲೆಯ ಸೇವಾಗ್ರಾಮ, ಗಾಂಧೀಜಿ ಇದ್ದ ಊರು. ಅಲ್ಲಿನ ಗ್ರಾಮೀಣ ವೈದ್ಯಕೀಯ ಕಾಲೇಜಿನಲ್ಲಿ ನಿತಿಕಾ ಪಂತ್ ಪೈ ಮತ್ತು ಸಂಗಡಿಗರು 450 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದವರ ಕೈಯಲ್ಲಿ ಬಾಯಿಯ ಪರೀಕ್ಷೆ ಪ್ರಯೋಗಾಲಯದ ಉತ್ತರಕ್ಕೆ ಸರಿಹೊಂದಿತು. ಮೊದಲ ಸಲದ ಪರೀಕ್ಷೆಗೆ ಯಾವುದು ಬೇಕು ಎಂದು ಕೇಳಿದಾಗ 100ಕ್ಕೆ 87 ಜನ ಬಾಯಿಯ ಪರೀಕ್ಷೆಯೇ ಇರಲಿ ಎಂದರು. ಅದೇ ತಂಡ ಹೆರಿಗೆ ವಾರ್ಡಿನಲ್ಲೂ ಹಗಲುರಾತ್ರಿ ಈ ಪರೀಕ್ಷೆ ಇಟ್ಟು ನೋಡಿತು. ಬಸುರಿನಲ್ಲಿ ಒಮ್ಮೆಯೂ ಪರೀಕ್ಷೆ ಆಗದೆ ಹೆರಿಗೆ ನೋವಿನಲ್ಲಿ ಬಂದ ಹೆಣ್ಣುಮಗಳಿಗೆ ಆ ಹೊತ್ತಿನಲ್ಲಾದರೂ ಸೋಂಕು ಗೊತ್ತಾದರೆ ಮಗುವಿಗೆ ದಾಟದಂತೆ ಔಷಧ ಕೊಡಬಹುದು. ಅಲ್ಲಿ ಅರ್ಧ ಗಂಟೆಗೂ ಬೆಲೆಯಿದೆ.

ಆದರೆ ಇಲ್ಲೊಂದು ಗಂಡಾಂತರವಿದೆ. ಬಾಯಿಯಿಂದ ಎಚ್‌ಐವಿ ಪತ್ತೆಯಾಗುತ್ತದೆ ಎಂದ ಕೂಡಲೇ 'ಹಾಗಾದರೆ ಎಂಜಲಿನಿಂದ ಹರಡುತ್ತದೆ' ಎಂದು ಜನ ಅರ್ಥ ಮಾಡಿಕೊಳ್ಳುತ್ತಾರೆ. ವರ್ಷಗಳ ಹಿಂದೆ ನಾವು ಹೋಗಿದ್ದ ಒಂದು ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ತಟ್ಟೆ, ಒಂದು ಲೋಟ ಬೇರೆಯಾಗಿ ಬೋರಲು ಹಾಕಿತ್ತು. ಗಂಡ ತೀರಿಕೊಂಡ ಸೊಸೆಯ ತಟ್ಟೆ ಅದು. ಆಕೆ ಮಾತ್ರೆ ತಗೊಂಡು ಗಟ್ಟಿಮುಟ್ಟಾಗಿ ಕೂಲಿಗೆ ಹೋಗುತ್ತಿದ್ದಳು. ಮನೆಗೆ ದುಡಿದು ಹಾಕುತ್ತಿದ್ದವಳೂ ಆಕೆಯೇ. ಆದರೆ ಆಕೆಯ ಮಗಳು ಆ ಲೋಟ ಮುಟ್ಟುವಂತಿರಲಿಲ್ಲ. "ಮಗಳು ನನ್ನ ಗಂಗಾಳದಾಗ ಕೈ ಹಾಕಿದ್ರ ನಾನ ಹೊಡೀತೀನ್ರೀ ಅಣ್ಣ" ಎಂದು ಆಕೆ ಹೇಳಿದ್ದು ನಮ್ಮ ಕಿವಿಯಲ್ಲಿ ಇನ್ನೂ ಇದೆ.

ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು. ಬಾಯಿಯ ಪರೀಕ್ಷೆ ಹುಡುಕುವುದು ಹಂದಿಯನ್ನಲ್ಲ, ಹೆಜ್ಜೆಯನ್ನು. ವೈರಸ್ಸನ್ನಲ್ಲ, ಪ್ರತಿಕಾಯವನ್ನು. ಹೆಜ್ಜೆ ಗುರುತು ಬೆಳೆ ತಿನ್ನುವುದಿಲ್ಲ. ಜೊತೆಗೆ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಎಂಜಲಿನಿಂದ ಎಚ್‌ಐವಿ ಹರಡುವುದಿಲ್ಲ. ಆ ಮನೆಯ ತಟ್ಟೆ ಬೇರೆ ಇರಬೇಕಾಗಿರಲಿಲ್ಲ.

ನಮ್ಮ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ನಡೆಯುವುದು ರಕ್ತದಿಂದಲೇ. ಅದು ಉಚಿತ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಊರಿಗೆಲ್ಲ ಹೇಳುವಂತಿಲ್ಲ. 1097ಕ್ಕೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ.

ಕೊರೊನಾ ಕಾಲದಲ್ಲಿ

ಬಾಯಿ ಮತ್ತೆ ಸುದ್ದಿಗೆ ಬಂದದ್ದು ಕೊರೊನಾದಲ್ಲಿ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಜೊಲ್ಲಿನ ಪರೀಕ್ಷೆಗೆ, ಆಗಸ್ಟ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದ ಪರೀಕ್ಷೆಗೆ ಅಲ್ಲಿ ತುರ್ತು ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ನಾಗಪುರದ 'ನೀರಿ' ಸಂಸ್ಥೆಯ ವಿಜ್ಞಾನಿಗಳು ಉಪ್ಪುನೀರು ಮುಕ್ಕಳಿಸಿ ಉಗುಳಿಸಿ ಪರೀಕ್ಷಿಸುವ ವಿಧಾನ ರೂಪಿಸಿದರು. 2021ರ ಮೇ ತಿಂಗಳಲ್ಲಿ ಐಸಿಎಂಆರ್ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಇವು ಹೆಜ್ಜೆ ನೋಡುವ ಪರೀಕ್ಷೆಗಳಲ್ಲ, ಹಂದಿಯನ್ನೇ ಹುಡುಕುವ ಪರೀಕ್ಷೆಗಳು. ಇವು ತಪ್ಪಿಸಿದ್ದು ರಕ್ತವನ್ನಲ್ಲ, ಮೂಗಿನ ಆಳಕ್ಕೆ ಹಾಕುತ್ತಿದ್ದ ಕಡ್ಡಿಯನ್ನು. ಆದರೂ ಪಾಠ ಒಂದೇ. ಮಾದರಿ ಕೊಡುವುದು ಸುಲಭವಾದರೆ ಪರೀಕ್ಷೆಗೆ ಬರುವ ಜನ ಹೆಚ್ಚುತ್ತಾರೆ.

ಹಾಗಾದರೆ ನಮ್ಮೂರಿಗೆ ಯಾಕಿಲ್ಲ?

ಈ ಪ್ರಶ್ನೆಗೆ ಯಾರನ್ನೋ ಬೈದು ಉತ್ತರ ಮುಗಿಸುವುದು ಸುಲಭ. ಆದರೆ ಕೆಲಸದ ಲೆಕ್ಕವೂ ಇದೆ. ಪ್ರಯೋಗಾಲಯಗಳ ಯಂತ್ರ, ಕಿಟ್ಟು, ತರಬೇತಿ ಎಲ್ಲ ರಕ್ತದ ಸುತ್ತ ಕಟ್ಟಿದವು. ಬಾಯಿ ದ್ರವಕ್ಕೆ ಒಗ್ಗುವ ಕಿಟ್ಟು ಬೇರೆಯೇ ಬೇಕು. ನಮ್ಮ ಬೇಸಿಗೆಯ ಬಿಸಿಲಿನಲ್ಲಿ, ಬಸ್ಸಿನಲ್ಲಿ, ಮಾದರಿ ಕೆಡದೆ ಉಳಿಯಬೇಕು. ಅಷ್ಟು ಸಣ್ಣ ಕಡ್ಡಿಯಲ್ಲಿ ಸಿಗುವ ದ್ರವದಿಂದ ಒಂದೆರಡು ಪರೀಕ್ಷೆಯಷ್ಟೇ ಸಾಧ್ಯ. ವಿಶ್ವ ಆರೋಗ್ಯ ಸಂಸ್ಥೆ ದಡಾರ ಪತ್ತೆಗೆ ಬಾಯಿ ದ್ರವವನ್ನೂ ಒಪ್ಪುವ ಮಾದರಿ ಎಂದು ಪರಿಗಣಿಸುತ್ತದೆ. ಆದರೂ ಹೆಚ್ಚಿನ ದೇಶಗಳಲ್ಲಿ ರಕ್ತವೇ ರೂಢಿ.

ಇನ್ನೊಂದು ಎಚ್ಚರಿಕೆ. 'ಜೊಲ್ಲಿನಿಂದಲೇ ಎಲ್ಲ ರೋಗ ಹೇಳುತ್ತೇವೆ' ಎಂದು ಸಂತೆಯಲ್ಲೋ ಫೋನಿನಲ್ಲೋ ಯಾರಾದರೂ ಬಂದರೆ ದುಡ್ಡು ಬಿಚ್ಚಬೇಡಿ. ಸಕ್ಕರೆ ಕಾಯಿಲೆಯವರ ಸಕ್ಕರೆ, ಬಸುರಿಯ ಹಿಮೋಗ್ಲೋಬಿನ್, ರಕ್ತದ ಗುಂಪು, ಇವಕ್ಕೆಲ್ಲ ರಕ್ತವೇ ಬೇಕು.

ದಡಾರ ಸಣ್ಣ ಕಾಯಿಲೆಯಲ್ಲ. ನ್ಯುಮೋನಿಯಾ, ಭೇದಿ, ಕುರುಡು, ಮಿದುಳಿನ ಬಾವು ಅದರ ಹಿಂದೆಯೇ ಬರುತ್ತವೆ. ಸೊರಗಿದ ಮಗುವಿನ ಜೀವವನ್ನೇ ತೆಗೆಯುತ್ತದೆ. ಲಸಿಕೆ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ದದ್ದು ಬಂದ ಮಗುವಿನ ಪರೀಕ್ಷೆ ಆ ಒಂದು ಮಗುವಿಗಾಗಿ ಮಾತ್ರವಲ್ಲ, ಓಣಿಯ ಉಳಿದ ಮಕ್ಕಳಿಗಾಗಿಯೂ.

ಈ ಬರಹ ಬರೆಯುವ ಮುಂಚೆ ಇನ್ನೊಮ್ಮೆ ಆ ಊರಿಗೆ ಹೋಗಿದ್ದೆವು. ಅಜ್ಜಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಬ್ರಿಟನ್ನಿನ ಕಡ್ಡಿಯ ಕಥೆ ಹೇಳಿದೆವು. ಪೂರಾ ಕೇಳಿ, ಒಂದು ಹಿಡಿ ಶೇಂಗಾ ನಮ್ಮ ಕೈಗೆ ಹಾಕಿ, "ಕಡ್ಡಿ ತಂದಿದ್ರ ನಾನ ಬಾಯಿ ತೆಗಿಸಿ ಉಜ್ಜತಿದ್ನೆಪಾ. ಸೂಜಿ ತಂದ್ರು, ಅದಕ್ಕ ಬ್ಯಾಡಂದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಕೇಳಿದರು, "ಅವತ್ತ ಎಷ್ಟ್ ರಕ್ತ ತಗೋತಿದ್ರಪಾ?"

ಹೆಚ್ಚೆಂದರೆ ಒಂದು ಟೀ ಚಮಚದಷ್ಟು ಎಂದೆವು.

"ಅಷ್ಟನಾ? ಅದನ್ನ ಅವತ್ತ ಯಾರೂ ಹೇಳಲಿಲ್ಲ ನೋಡು" ಎಂದರು ಅಜ್ಜಿ.

ಕಡ್ಡಿ ನಮ್ಮೂರಿಗೆ ಬರುವುದು ಯಾವಾಗಲೋ. ಅಲ್ಲಿಯವರೆಗೆ ಸಿಸ್ಟರ್‌ಗಳೂ ಆಶಾ ಅಕ್ಕಂದಿರೂ ಸಿರಿಂಜ್ ತೆಗೆಯುವ ಮುಂಚೆ ಈ ಒಂದು ಮಾತನ್ನು ಹೇಳಲಿ. ಮನೆಯವರೂ ಅದನ್ನು ಕೇಳಿಸಿಕೊಳ್ಳಲಿ.